‘ಬಂತು ಸಾರ್’ ಎನ್ನುವ ಸರ್ವರ್: ಕಮಾಯಿಲಿಯೋ ಜೊತೆ ಎಂಟು ವರ್ಷ

ಫೋನ್ ಕರೆಗಳಿಗೆ ದಾರಿ ತೋರಿಸುವ ಕಮಾಯಿಲಿಯೋ ತಂತ್ರಾಂಶ ಹೇಗಿದೆ ಎಂದು ಯಾರಾದರೂ ವಿಚಾರಿಸಿದರೆ ನಾನು ಮೊದಲು ತಿರುಗಿ ಕೇಳುವುದು ಇಷ್ಟು: ನಿಮ್ಮ ಅಪ್ಲಿಕೇಷನ್ ಸರ್ವರ್ ಕೈಕೊಟ್ಟ ದಿನ ಕರೆ ಮುಂದಕ್ಕೆ ಹೋಗಬೇಕೋ, ಅಲ್ಲಿಗೇ ನಿಲ್ಲಬೇಕೋ? ಉತ್ತರ ಸಿದ್ಧವಿದ್ದವರಿಗೆ ಈ ತಂತ್ರಾಂಶ ಚಿನ್ನ. ಇಲ್ಲದವರಿಗೆ ಸಿಗುವುದು 30 ಸೆಕೆಂಡಿನ ಮೌನ, ಅದರ ಹಿಂದೆಯೇ ಗ್ರಾಹಕರ ಬೈಗುಳ.

ನಾನಿರುವುದು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ. ಆಸ್ಪತ್ರೆ, ಕೊರಿಯರ್, ಬಾಡಿಗೆ ವಾಹನದಂಥ ವ್ಯವಹಾರಗಳಿಗೆ ದೂರವಾಣಿ ಸಂಖ್ಯೆ ಕೊಟ್ಟು ಅವರ ಕರೆಗಳನ್ನು ನಡೆಸಿಕೊಡುವುದು ನಮ್ಮ ಕಸುಬು. ಬಂದ ಕರೆ ನೇರವಾಗಿ ಎದುರಿನವರ ಫೋನಿಗೆ ಹೋಗುವುದಿಲ್ಲ. ಮೊದಲು ಖಾತೆಯಲ್ಲಿ ಹಣವಿದೆಯೇ ಎಂದು ನೋಡುವ ಅಪ್ಲಿಕೇಷನ್, ನಂತರ ಕರೆದವರ ಸಂಖ್ಯೆಯನ್ನು ಮರೆಮಾಚುವ ಅಪ್ಲಿಕೇಷನ್, ಆಮೇಲೆ ಕಾಲರ್ ಟ್ಯೂನ್ ಅಥವಾ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ಅಪ್ಲಿಕೇಷನ್. ಇವೆಲ್ಲ ಬೇರೆ ಬೇರೆ ಕಡೆಯಿಂದ ಕೊಂಡವು, ಬೇರೆ ಬೇರೆ ಸ್ವಭಾವದವು. ಅವನ್ನು ಸಾಲಾಗಿ ನಿಲ್ಲಿಸಿ ಕೆಲಸ ಮಾಡಿಸುವ ಮೇಸ್ತ್ರಿ ಕಮಾಯಿಲಿಯೋ. 5.0 ಆವೃತ್ತಿ ಬಂದ 2017ರಲ್ಲಿ ಹಾಕಿದೆವು, ಇಂದಿಗೂ ಅದೇ ಇದೆ.

ಹಿನ್ನೆಲೆ ತಿಳಿಯದವರಿಗೆ ಎರಡು ಮಾತು. ಬರ್ಲಿನ್ನಿನ ಫ್ರೌನ್‌ಹೋಫರ್ ಫೋಕುಸ್ ಸಂಸ್ಥೆಯಲ್ಲಿ 2001ರ ಹೊತ್ತಿಗೆ ಹುಟ್ಟಿದ ಸಿಪ್ ಎಕ್ಸ್‌ಪ್ರೆಸ್ ರೂಟರ್ ಇದರ ಮೂಲ. ಸಿಪ್ ಎಂದರೆ ಅಂತರ್ಜಾಲದ ಮೇಲೆ ಕರೆ ಜೋಡಿಸುವ ಸಂದೇಶಗಳ ನಿಯಮಾವಳಿ. 2005ರಲ್ಲಿ ಅದರಿಂದ ಓಪನ್‌ಸರ್ ಕವಲೊಡೆಯಿತು, 2008ರಲ್ಲಿ ಈಗಿನ ಹೆಸರು ಬಂತು. ಹವಾಯಿ ಭಾಷೆಯಲ್ಲಿ ಕಮಾಯಿಲಿಯೋ ಎಂದರೆ ಮಾತುಕತೆ. ತೆರೆದ ಮೂಲ, ಜಿಪಿಎಲ್ ಪರವಾನಗಿ, ದುಡ್ಡು ಕೊಡಬೇಕಿಲ್ಲ. ಉಳಿದ ದುಡ್ಡಿಗೆ ಒಬ್ಬ ಒಳ್ಳೆಯ ಎಂಜಿನಿಯರನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಈ ವಿಮರ್ಶೆಯಲ್ಲಿ ಅದರ ವೇಗದ ಬಗ್ಗೆ ಬರೆಯುವುದಿಲ್ಲ. ವೇಗದ ವಿಷಯದಲ್ಲಿ ನನಗೆ ಎಂಟು ವರ್ಷಗಳಲ್ಲಿ ಒಂದು ದೂರೂ ಇಲ್ಲ. ನಾನು ಹೇಳಬೇಕಾದ್ದು ಅಪ್ಲಿಕೇಷನ್ನುಗಳು ಕೊಡುವ ಉತ್ತರವನ್ನು, ಅದಕ್ಕಿಂತ ಹೆಚ್ಚಾಗಿ ಅವು ಕೊಡದ ಉತ್ತರವನ್ನು ಇದು ಹೇಗೆ ನಿಭಾಯಿಸುತ್ತದೆ ಎಂಬುದರ ಬಗ್ಗೆ. ಆ ಕೆಲಸವೆಲ್ಲ ನಡೆಯುವುದು ‘ಫೇಲ್ಯೂರ್ ರೂಟ್’ ಎಂಬ ಭಾಗದಲ್ಲಿ. ಸಿಪ್‌ನಲ್ಲಿ ಪ್ರತಿ ಉತ್ತರಕ್ಕೂ ಮೂರಂಕಿಯ ಸಂಕೇತವಿದೆ: 100ರ ಸಾಲಿನದು ಮಧ್ಯಂತರ, 200ರದು ಯಶಸ್ಸು, 300ರಿಂದ ಮೇಲಿನದು ‘ಕರೆ ಇಲ್ಲಿ ಆಗಲಿಲ್ಲ’. ಅಪ್ಲಿಕೇಷನ್ 300 ಅಥವಾ ಅದಕ್ಕಿಂತ ಮೇಲಿನ ಅಂತಿಮ ಸಂಕೇತ ಕೊಟ್ಟರೆ ಇಲ್ಲವೇ ಕಾದು ಕಾದು ಗಡುವು ಮುಗಿದರೆ, ನೀವು ಅಲ್ಲಿ ಬರೆದಿಟ್ಟ ಸಾಲುಗಳು ಓಡುತ್ತವೆ. ಏನೂ ಬರೆಯದಿದ್ದರೆ ಬಂದ ಉತ್ತರವೇ ಕರೆದವರಿಗೆ ಹೋಗುತ್ತದೆ. ಹೊಸಬರು ಮಾಡುವ ಮೊದಲ ತಪ್ಪೂ ಇಲ್ಲಿಯೇ. ಎರಡನೆಯ ಸರ್ವರಿಗೆ ಕರೆ ತಿರುಗಿಸುವಾಗ ಫೇಲ್ಯೂರ್ ರೂಟನ್ನು ಮತ್ತೊಮ್ಮೆ ನೇಮಿಸಬೇಕು. ಮರೆತರೆ ಎರಡನೆಯದರ ಸೋಲನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಮೊದಲ ವರ್ಷ ನಾನೇ ಮರೆತಿದ್ದೆ.

ಈಗ ಆ ರಾತ್ರಿಯ ಕಥೆ. ಹಾಕಿ ಏಳೆಂಟು ತಿಂಗಳಾಗಿತ್ತು. ಹತ್ತೂವರೆಯ ಹೊತ್ತಿಗೆ ರಾತ್ರಿ ಪಾಳಿಯ ಹುಡುಗ ಫೋನ್ ಮಾಡಿದ.

“ಸಾರ್, ಕರೆಗಳು ಹೋಗುತ್ತಿಲ್ಲ. ಆದರೆ ಎಲ್ಲ ಸರ್ವರೂ ಹಸಿರಾಗಿಯೇ ಇವೆ.”

“ಡಿಸ್ಪ್ಯಾಚರ್ ಪಟ್ಟಿ ನೋಡಿದೆಯೇನಪ್ಪ?”

“ನೋಡಿದೆ ಸಾರ್. ಎಲ್ಲದರ ಮುಂದೆಯೂ ಎಪಿ ಅಂತಲೇ ಇದೆ.”

ಡಿಸ್ಪ್ಯಾಚರ್ ಎಂದರೆ ಕರೆಗಳನ್ನು ಸರ್ವರುಗಳಿಗೆ ಹಂಚುವ ಭಾಗ. ಎಪಿ ಎಂದರೆ ಸರ್ವರ್ ಕೆಲಸದಲ್ಲಿದೆ, ಆಗಾಗ ತಟ್ಟಿ ನೋಡುತ್ತಿದ್ದೇವೆ ಎಂದರ್ಥ. ತಟ್ಟಿದಾಗಲೆಲ್ಲ ಅದು ‘200 ಓಕೆ’ ಎನ್ನುತ್ತಿತ್ತು. ಹೊಸ ಕರೆ ಕಳಿಸಿದರೆ ಕ್ಷಣಾರ್ಧದಲ್ಲಿ ‘100 ಟ್ರೈಯಿಂಗ್’ ಎನ್ನುತ್ತಿತ್ತು. ಆಮೇಲೆ ಗಪ್‌ಚುಪ್. ಹಣ ನೋಡುವ ಆ ಅಪ್ಲಿಕೇಷನ್ನಿನ ಹಿಂದಿದ್ದ ಡೇಟಾಬೇಸ್ ಸಿಕ್ಕಿಹಾಕಿಕೊಂಡಿತ್ತು. ಉತ್ತರ ಕೊಡುತ್ತಿದ್ದುದು ಅಪ್ಲಿಕೇಷನ್ ಅಲ್ಲ, ಅದರ ಮುಂಬಾಗಿಲಲ್ಲಿ ಕೂತು ಸಂದೇಶಗಳನ್ನಷ್ಟೇ ನೋಡಿಕೊಳ್ಳುವ ಸಿಪ್ ಸ್ಟ್ಯಾಕ್.

ಹೋಟೆಲಿನಲ್ಲಿ ದೋಸೆ ಹೇಳಿದರೆ ಸಪ್ಲೈಯರ್ “ಬಂತು ಸಾರ್” ಎನ್ನುತ್ತಾನಲ್ಲ, 100 ಟ್ರೈಯಿಂಗ್ ಎಂದರೆ ಅಷ್ಟೇ. ಅಡುಗೆಮನೆಯಲ್ಲಿ ಗ್ಯಾಸ್ ಮುಗಿದಿರುವುದು ಅವನಿಗೆ ಗೊತ್ತಿಲ್ಲ. ಹೋಟೆಲ್ ಬಾಗಿಲು ಹಾಕಿದ್ದರೆ ನೀವು ಪಕ್ಕದ ಹೋಟೆಲಿಗೆ ಹೋಗುತ್ತಿದ್ದಿರಿ. “ಬಂತು” ಎಂದ ಒಂದೇ ಕಾರಣಕ್ಕೆ ಕೂತಿದ್ದೀರಿ.

ಕಮಾಯಿಲಿಯೋ ಕೂಡ ಹಾಗೆಯೇ ಕೂರುತ್ತದೆ, ಅದೂ ನಿಯಮದ ಪ್ರಕಾರ. ಅದರಲ್ಲಿ ಎರಡು ಗಡಿಯಾರಗಳಿವೆ. ಎಫ್‌ಆರ್ ಟೈಮರ್ ಎಂಬುದು ಯಾವ ಉತ್ತರವೂ ಬಾರದಿದ್ದರೆ ಎಷ್ಟು ಕಾಯಬೇಕೆಂಬ ಲೆಕ್ಕ. ಕೈ ಹಾಕದೆ ಬಿಟ್ಟರೆ 30 ಸೆಕೆಂಡು. ಎಫ್‌ಆರ್ ಇನ್ವೈಟ್ ಟೈಮರ್ ಎಂಬುದು ಏನಾದರೊಂದು ಮಧ್ಯಂತರ ಉತ್ತರ ಬಂದ ಮೇಲೆ ಅಂತಿಮ ಉತ್ತರಕ್ಕೆ ಕಾಯುವ ಲೆಕ್ಕ. ಅದು 120 ಸೆಕೆಂಡು. ನಾವು ಮೊದಲನೆಯದನ್ನು ಜಾಣತನದಿಂದ ಎರಡು ಸೆಕೆಂಡಿಗೆ ಇಳಿಸಿದ್ದೆವು, ಎರಡನೆಯದನ್ನು ಮುಟ್ಟಿರಲಿಲ್ಲ. 100 ಟ್ರೈಯಿಂಗ್ ಬಂದ ಕೂಡಲೇ ಕರೆ ಮೊದಲ ಗಡಿಯಾರದಿಂದ ಜಾರಿ ಎರಡನೆಯದರ ಪಾಲಾಗುತ್ತಿತ್ತು. ಎರಡು ನಿಮಿಷ ಕಿವಿಗೆ ಫೋನ್ ಹಿಡಿದು ಮೌನ ಕೇಳುವ ತಾಳ್ಮೆ ಯಾರಿಗಿದೆ? ಜನ ತಾವೇ ಇಟ್ಟುಬಿಡುತ್ತಿದ್ದರು. ಹೀಗಾಗಿ ನಮ್ಮ ಲೆಕ್ಕದ ಪುಸ್ತಕದಲ್ಲಿ ಅವೆಲ್ಲ ‘487, ಕರೆದವರೇ ರದ್ದುಮಾಡಿದ್ದು’ ಎಂದು ದಾಖಲಾಗಿದ್ದವು. ದೋಷವೇ ಇಲ್ಲದ ರಾತ್ರಿ!

ಎರಡು ಸೆಕೆಂಡೇ ಏಕೆ, ಅರ್ಧ ಸೆಕೆಂಡಿಗೆ ಇಳಿಸಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ತಲುಪುವ ಖಾತ್ರಿಯಿಲ್ಲದ ಯುಡಿಪಿ ಸಾಗಣೆಯ ಮೇಲೆ ಒಂದು ಇನ್ವೈಟ್, ಅಂದರೆ ಕರೆ ಶುರುಮಾಡುವ ಸಂದೇಶ, ಕಳೆದುಹೋದರೆ ಅರ್ಧ ಸೆಕೆಂಡಿಗೆ ಎರಡನೆಯ ಪ್ರತಿ, ಒಂದೂವರೆ ಸೆಕೆಂಡಿಗೆ ಮೂರನೆಯ ಪ್ರತಿ ಹೋಗುತ್ತದೆ. ಎರಡು ಸೆಕೆಂಡು ಕೊಟ್ಟರೆ ಮೂರು ಸಲ ಬಾಗಿಲು ತಟ್ಟಿದಂತಾಯಿತು. ಅರ್ಧಕ್ಕೇ ನಿಲ್ಲಿಸಿದರೆ ದಾರಿಯಲ್ಲಿ ಬಿದ್ದ ಒಂದೇ ಪೊಟ್ಟಣಕ್ಕೆ ಆರೋಗ್ಯವಂತ ಸರ್ವರನ್ನು ಸತ್ತಿದೆ ಎಂದು ಘೋಷಿಸಿದಂತಾಗುತ್ತದೆ.

ಮರುದಿನ ನಾನು ಮಾಡಿದ ಚಿಕಿತ್ಸೆ ರೋಗಕ್ಕಿಂತ ಕೆಟ್ಟದಾಗಿತ್ತು. ‘ಟಿ ಸೆಟ್ ಎಫ್‌ಆರ್’ ಎಂಬ ಆದೇಶದಿಂದ ಎರಡೂ ಗಡಿಯಾರಗಳನ್ನು ಕರೆಯೊಂದಕ್ಕೆ ಬೇಕಾದ ಹಾಗೆ ಬದಲಿಸಬಹುದು. ಎರಡನೆಯದನ್ನು ನಾಲ್ಕು ಸೆಕೆಂಡಿಗೆ ಇಳಿಸಿ, ಪರೀಕ್ಷಾ ಯಂತ್ರದಲ್ಲಿ ನೋಡಿ, ಸಂತೋಷವಾಗಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೆಂಬಲ ವಿಭಾಗದ ಹೆಣ್ಣುಮಗಳು ಮೇಜಿನ ಬಳಿ ಬಂದು ನಿಂತಳು. “ಸಾರ್, ಆಸ್ಪತ್ರೆಯವರು ಹೇಳುತ್ತಿದ್ದಾರೆ, ಫೋನ್ ಒಂದು ಸಲ ಟ್ರಿಣ್ ಎಂದು ನಿಂತುಹೋಗುತ್ತದಂತೆ. ಎತ್ತಲು ಓಡಿ ಬರುವಷ್ಟರಲ್ಲಿ ಇಲ್ಲ.”

ಆಗಬೇಕಾದ್ದೇ ಆಗಿತ್ತು. ಎದುರಿನ ಫೋನ್ ರಿಂಗಾಗುತ್ತಿದೆ ಎನ್ನುವ ‘180’ ಕೂಡ ಮಧ್ಯಂತರ ಉತ್ತರವೇ. ಸಪ್ಲೈಯರನ ಸುಳ್ಳು ‘ಬಂತು’ವಿಗೂ ದೋಸೆ ನಿಜವಾಗಿಯೂ ಹಂಚಿನ ಮೇಲೆ ಬೇಯುತ್ತಿರುವುದಕ್ಕೂ ನಾನು ಒಂದೇ ಗಡುವು ಕೊಟ್ಟಿದ್ದೆ. ಸರಿಯಾದ ದಾರಿ ಎಂದರೆ ಉತ್ತರಗಳು ಹಾದು ಬರುವ ‘ಆನ್‌ರಿಪ್ಲೈ ರೂಟ್’ನಲ್ಲಿ ಕಾದು ಕೂತು, 180 ಅಥವಾ ‘ಕರೆ ಮುಂದುವರಿಯುತ್ತಿದೆ’ ಎನ್ನುವ 183 ಕಂಡ ಕೂಡಲೇ ಗಡುವನ್ನು 60 ಸೆಕೆಂಡಿಗೆ ಏರಿಸುವುದು. ಓಡುತ್ತಿರುವ ಕರೆಯ ಗಡಿಯಾರವನ್ನು ಹೀಗೆ ನಡುವೆಯೇ ಬದಲಿಸಲು ಬಿಡುತ್ತದೆ ಎಂಬುದು ಕಮಾಯಿಲಿಯೋ ಬಗ್ಗೆ ನನಗಿರುವ ಗೌರವದ ದೊಡ್ಡ ಕಾರಣ. ದುಬಾರಿ ಪೆಟ್ಟಿಗೆಗಳಲ್ಲಿ ಇಂಥದೊಂದು ಬೇಕೆಂದರೆ ಬೇಡಿಕೆ ಪತ್ರ ಬರೆದು ಮುಂದಿನ ಆವೃತ್ತಿಗೆ ಕಾಯಬೇಕಾಗಿತ್ತು. ಇಲ್ಲಿ ಮೂರು ಸಾಲು.

ಆದರೂ 183 ಪೂರ್ತಿ ನಂಬಿಕೆಗೆ ಅರ್ಹವಲ್ಲ. ಎದುರಿನವರ ಜಾಲದಿಂದಲೂ ಅದು ಬರಬಹುದು, ಅಪ್ಲಿಕೇಷನ್ ತಾನೇ ಧ್ವನಿಮುದ್ರಿಕೆ ಕೇಳಿಸಲು ಕಳಿಸಿದ್ದೂ ಆಗಿರಬಹುದು. ಅದರ ಮೇಲೆ ಇನ್ನೊಂದು ಸಂಗತಿ ಇದೆ: ಪ್ರತಿ ಹೊಸ ಉತ್ತರಕ್ಕೂ ಇನ್ವೈಟ್ ಗಡಿಯಾರ ಮೊದಲಿನಿಂದ ಶುರುವಾಗುವುದು ಇಲ್ಲಿನ ರೂಢಿ. ಕೆಲವು ಸೆಕೆಂಡುಗಳಿಗೊಮ್ಮೆ 183 ಕಳಿಸುವ ಚಟವಿರುವ ಅಪ್ಲಿಕೇಷನ್ ಸಿಕ್ಕರೆ ಗಡುವು ಮುಗಿಯುವುದೇ ಇಲ್ಲ. ಕೊನೆಗೆ 180 ಸೆಕೆಂಡಿನ ಒಟ್ಟು ಆಯಸ್ಸಿನ ಮಿತಿಯೇ ಅದನ್ನು ಕೊಲ್ಲಬೇಕು. ಆ ರೂಢಿಯನ್ನು ತೆಗೆಯಲು ಒಂದು ಸೆಟ್ಟಿಂಗ್ ಇದೆ. ನಾವು ತೆಗೆದೆವು.

ಗಡುವು ಮುಗಿದಾಗ ಸಿಗುವ ಸಂಕೇತ 408. ಅಪ್ಲಿಕೇಷನ್ ತಾನಾಗಿ 408 ಹೇಳಿತೋ, ನಮ್ಮ ಗಡಿಯಾರವೇ ಅದನ್ನು ಸೃಷ್ಟಿಸಿತೋ? ಇದನ್ನು ಬೇರ್ಪಡಿಸಲು ಎರಡು ಪುಟ್ಟ ಪ್ರಶ್ನೆಗಳನ್ನು ಕೊಟ್ಟಿದ್ದಾರೆ, ‘ಟಿ ಬ್ರಾಂಚ್ ಟೈಮ್‌ಔಟ್’ ಮತ್ತು ‘ಟಿ ಬ್ರಾಂಚ್ ರಿಪ್ಲೈಡ್’. ಗಡುವು ಮುಗಿದಿದೆ, ಒಂದು ಉತ್ತರವೂ ಬಂದಿಲ್ಲ ಎಂದರೆ ಸರ್ವರ್ ಸತ್ತಿದೆ ಅಥವಾ ದಾರಿ ಕಡಿದಿದೆ. ಗಡುವು ಮುಗಿದಿದೆ, ಹಿಂದೆ ಏನೋ ಒಂದು ಉತ್ತರ ಬಂದಿತ್ತು ಎಂದರೆ ‘ಬಂತು ಸಾರ್’. ನಮ್ಮಲ್ಲಿ ಈ ಎರಡಕ್ಕೂ ಬೇರೆ ಬೇರೆ ಎಚ್ಚರಿಕೆ ಗಂಟೆಗಳಿವೆ: ಮೊದಲನೆಯದು ಜಾಲದವರನ್ನು ಎಬ್ಬಿಸುತ್ತದೆ, ಎರಡನೆಯದು ಅಪ್ಲಿಕೇಷನ್ ಕೊಟ್ಟವರನ್ನು. ಎಂಟು ವರ್ಷದಲ್ಲಿ ಎರಡನೆಯದೇ ಹೆಚ್ಚು ಬಾರಿಸಿದೆ. ಇವೆಲ್ಲಕ್ಕೂ ಮೊದಲು ಕರೆ ರದ್ದಾಗಿದೆಯೇ ಎಂದು ಕೇಳುವ ಸಾಲು ಇರಬೇಕು. ಇಲ್ಲದಿದ್ದರೆ ಬೇಸತ್ತು ಫೋನ್ ಇಟ್ಟವರೆಲ್ಲ ಅಪ್ಲಿಕೇಷನ್ ದೋಷದ ಲೆಕ್ಕಕ್ಕೆ ಸೇರಿಬಿಡುತ್ತಾರೆ.

ಡಿಸ್ಪ್ಯಾಚರ್ ಭಾಗದ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಸರ್ವರುಗಳಿಗೆ ಆಪ್ಷನ್ಸ್ ಸಂದೇಶ ಕಳಿಸಿ ಆರೋಗ್ಯ ವಿಚಾರಿಸುವುದು ಅದರ ಕೆಲಸ, ಅದನ್ನು ನಿಷ್ಠೆಯಿಂದ ಮಾಡುತ್ತದೆ. ಆದರೆ ಆಪ್ಷನ್ಸ್‌ಗೆ ಉತ್ತರಿಸುವವನೂ ಅದೇ ಮುಂಬಾಗಿಲ ಕಾವಲುಗಾರ. ಫೇಲ್ಯೂರ್ ರೂಟ್‌ನಲ್ಲಿ ನಾನು ಕೆಟ್ಟ ಸರ್ವರನ್ನು ‘ನಿಷ್ಕ್ರಿಯ’ ಎಂದು ಗುರುತು ಹಾಕುತ್ತಿದ್ದೆ. ಮುಂದಿನ ತಟ್ಟುವಿಕೆಗೆ ಅದು 200 ಎನ್ನುತ್ತಿತ್ತು, ಮತ್ತೆ ಸಾಲಿಗೆ ಬರುತ್ತಿತ್ತು, ಇನ್ನಷ್ಟು ಕರೆಗಳನ್ನು ನುಂಗುತ್ತಿತ್ತು, ಮತ್ತೆ ಗುರುತು. ಬಾವಿಕಟ್ಟೆಯ ರಾಟೆಯಂತೆ ಮೇಲೆ ಕೆಳಗೆ. ಕೊನೆಗೆ ಆ ಗುರುತನ್ನು ನೆಚ್ಚುವುದನ್ನೇ ಬಿಟ್ಟು, ಎಚ್‌ಟೇಬಲ್‌ ಎಂಬ, ಮೆಮೊರಿಯಲ್ಲಿರುವ ಕೋಷ್ಟಕದಲ್ಲಿ ನಮ್ಮದೇ ಕಪ್ಪುಪಟ್ಟಿ ಮಾಡಿದೆವು. ‘ಬಂತು ಸಾರ್’ ದೋಷ ಸಾಲಾಗಿ ಐದು ಸಲ ಕಂಡರೆ ಆ ಸರ್ವರಿನ ಹೆಸರು 60 ಸೆಕೆಂಡಿಗೆ ಪಟ್ಟಿ ಸೇರುತ್ತದೆ, ಆ ಅವಧಿ ಮುಗಿದ ಮೇಲೆ ತಾನಾಗಿ ಅಳಿಯುತ್ತದೆ. ಸರಿಯಾದ ಪರಿಹಾರ ಬೇರೆಯೇ ಇತ್ತು: ಡೇಟಾಬೇಸ್ ಸಿಗದಿದ್ದಾಗ ಆಪ್ಷನ್ಸ್‌ಗೆ 503, ಅಂದರೆ ‘ಸೇವೆ ಲಭ್ಯವಿಲ್ಲ’, ಹೇಳಿ ಎಂದು ಅಪ್ಲಿಕೇಷನ್ ಕೊಟ್ಟವರಿಗೆ ಬರೆದೆವು. ಅವರು ಒಪ್ಪಿ, ಮಾಡಿ, ಕಳಿಸುವ ಹೊತ್ತಿಗೆ ಎರಡು ಯುಗಾದಿ ಕಳೆದಿದ್ದವು.

503 ಎಂದಾಗ ನೆನಪಾಯಿತು. ನಮ್ಮಲ್ಲಿ ಎರಡು ಅಂತಸ್ತಿನಲ್ಲಿ ಕಮಾಯಿಲಿಯೋ ಇದೆ. ಹೊರಗಿನದು ಆಪರೇಟರುಗಳ ಕಡೆಗೆ, ಒಳಗಿನದು ಅಪ್ಲಿಕೇಷನ್ನುಗಳ ಕಡೆಗೆ. ಅಪ್ಲಿಕೇಷನ್ 503 ಕೊಟ್ಟರೆ ಇನ್ನೊಂದು ಊರಿನ ಕೇಂದ್ರಕ್ಕೆ ಕರೆ ತಿರುಗಿಸಬೇಕು ಎಂದು ಹೊರಗಿನದರಲ್ಲಿ ಬರೆದಿದ್ದೆ. ತಿರುಗುತ್ತಲೇ ಇರಲಿಲ್ಲ. ಎರಡು ದಿನ ಪೊಟ್ಟಣಗಳನ್ನು ಬಿಚ್ಚಿ ಬಿಚ್ಚಿ ನೋಡಿದ ಮೇಲೆ ತಿಳಿದದ್ದು: ಒಳಗಿನದಕ್ಕೆ 503 ಬರುತ್ತಿತ್ತು, ಅದು ಹೊರಗಿನದಕ್ಕೆ ಕೊಡುತ್ತಿದ್ದುದು 500. ಯಾರೋ ತಿದ್ದಿದ್ದಾರೆ ಎಂದು ಹುಡುಕಿದರೆ, ತಿದ್ದಿದ್ದು ಸಿಪ್‌ನ ನಿಯಮಪುಸ್ತಕವಾದ 2002ರ ಆರ್‌ಎಫ್‌ಸಿ 3261! ಕಮಾಯಿಲಿಯೋದಂತೆ ನಡುವೆ ನಿಂತು ಸಂದೇಶ ದಾಟಿಸುವ ಪ್ರಾಕ್ಸಿಯೊಂದು ತನ್ನ ಹಿಂದಿನವರ 503ನ್ನು ಸುಮ್ಮನೆ ಮುಂದಕ್ಕೆ ದಾಟಿಸಬಾರದು ಎನ್ನುತ್ತದೆ ಅದು. ಯೋಚಿಸಿದರೆ ನ್ಯಾಯವೇ. ಹಿಂದಿನ ಒಂದು ಅಂಗಡಿ ಮುಚ್ಚಿದ್ದಕ್ಕೆ ಇಡೀ ಸಂತೆಯೇ ಇಲ್ಲ ಎಂದು ಹೇಳಿದರೆ ಮೇಲಿನವರು ನಮ್ಮ ಕಡೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಕಮಾಯಿಲಿಯೋ ಈ ಬದಲಾವಣೆಯನ್ನು ತಾನಾಗಿಯೇ ಮಾಡುತ್ತದೆ, ಬೇಡವೆಂದರೆ ನಿಲ್ಲಿಸಲು ಒಂದು ಸೆಟ್ಟಿಂಗ್ ಇದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಓದಿರಲಿಲ್ಲ, ಅಷ್ಟೇ.

ಇದೇ ಜಾತಿಯ ಇನ್ನೊಂದು ಬಲೆ 603. ಸಿಪ್ ಪ್ರಕಾರ 600ರ ಸಾಲಿನ ಉತ್ತರ ಎಂದರೆ ‘ಎಲ್ಲಿಯೂ ಪ್ರಯತ್ನಿಸಬೇಡಿ, ಮುಗಿಯಿತು’ ಎಂಬ ಕೊನೆಯ ಮಾತು. ಕಮಾಯಿಲಿಯೋ ಅದನ್ನು ಅಕ್ಷರಶಃ ಪಾಲಿಸುತ್ತದೆ. ಏಕಕಾಲಕ್ಕೆ ನಡೆಯುತ್ತಿದ್ದ ಉಳಿದ ಪ್ರಯತ್ನಗಳನ್ನೆಲ್ಲ ರದ್ದುಮಾಡುತ್ತದೆ, ಫೇಲ್ಯೂರ್ ರೂಟ್‌ನಲ್ಲಿ ನೀವೇ ಬರೆದಿಟ್ಟ ಹೊರತು ಕರೆ ಇನ್ನೊಂದು ಸರ್ವರಿಗೆ ಹೋಗುವುದಿಲ್ಲ. ನಮ್ಮ ಕಾಲರ್ ಟ್ಯೂನ್ ಅಪ್ಲಿಕೇಷನ್ ‘ಈ ಗ್ರಾಹಕರು ನಮ್ಮ ಚಂದಾದಾರರಲ್ಲ’ ಎನ್ನುವುದಕ್ಕೆ 603 ಕೊಡುತ್ತಿತ್ತು. ಹಾಡು ಬೇಡ ಎಂದವನ ಫೋನೇ ರಿಂಗಾಗುತ್ತಿರಲಿಲ್ಲ. ಈ ಕಟ್ಟುನಿಟ್ಟನ್ನು ಕರೆಗೊಂದರಂತೆ ಸಡಿಲಿಸಬಹುದು. ಆ ಒಂದು ಅಪ್ಲಿಕೇಷನ್ನಿಗೆ ಮಾತ್ರ ಸಡಿಲಿಸಿದ್ದೇವೆ, ಉಳಿದವುಗಳಿಗೆ ನಿಯಮ ನಿಯಮವೇ.

ಸಂಕೇತಗಳ ವಿಷಯದಲ್ಲಿ ಕಮಾಯಿಲಿಯೋ ಮಾಡಲಾಗದ ಕೆಲಸವೂ ಒಂದಿದೆ, ಅದು ಅಪ್ಲಿಕೇಷನ್ನಿನ ಸುಳ್ಳನ್ನು ಹಿಡಿಯುವುದು. ನಂಬರ್ ಮರೆಮಾಚುವ ಅಪ್ಲಿಕೇಷನ್ ಒಳಗೆ ಏನೇ ಎಡವಟ್ಟಾದರೂ 480 ಎನ್ನುತ್ತಿತ್ತು. 480 ಎಂದರೆ ‘ಚಂದಾದಾರರು ಸದ್ಯಕ್ಕೆ ಲಭ್ಯವಿಲ್ಲ’. ನಮ್ಮ ಸ್ಕ್ರಿಪ್ಟ್ 408 ಮತ್ತು 500ರ ಸಾಲನ್ನು ಮಾತ್ರ ದೋಷವೆಂದು ನೋಡುತ್ತಿತ್ತು. 480 ನೇರವಾಗಿ ಆಪರೇಟರಿಗೆ ಹೋಗಿ, ಅಲ್ಲಿ ದೂರವಾಣಿ ಜಾಲದ ಕಾರಣಪಟ್ಟಿಯ 18ನೆಯದಾಗಿ ಬದಲಾಗಿ, ಕರೆದವರಿಗೆ ‘ಚಂದಾದಾರರು ಉತ್ತರಿಸುತ್ತಿಲ್ಲ’ ಎಂಬ ಸವಿಧ್ವನಿ ಕೇಳಿಸುತ್ತಿತ್ತು. ವಾಹನ ಚಾಲಕ ಕೈಯಲ್ಲಿ ಫೋನ್ ಹಿಡಿದು ಕಾಯುತ್ತಿದ್ದಾನೆ, ಪ್ರಯಾಣಿಕರು ಅವನನ್ನು ಸೋಮಾರಿ ಎಂದು ಬೈಯುತ್ತಿದ್ದಾರೆ. ಕೊನೆಗೆ, ಉತ್ತರದಲ್ಲಿ ‘ರೀಸನ್’ ಎಂಬ ಹೆಡರ್ ಇದ್ದರೆ ಅದನ್ನೂ ಓದಿ ತೀರ್ಮಾನಿಸುವ ಸಾಲುಗಳನ್ನು ಬರೆದೆವು. ಟಿಎಂಎಕ್ಸ್ ಎಂಬ ಭಾಗ ಬಂದ ಉತ್ತರದ ಒಳಗೆ ಇಣುಕಲು ಬಿಡುತ್ತದೆ. ಉಪಯುಕ್ತ, ಆದರೆ ಅದರ ಬರವಣಿಗೆಯ ಕ್ರಮ ಮೊದಲ ಸಲ ನೋಡಿದವರಿಗೆ ಒಗಟಿನಂತೆ ಕಾಣುತ್ತದೆ.

ಇನ್ನು ಮೊದಲು ಕೇಳಿದ ಪ್ರಶ್ನೆ: ಕರೆ ಮುಂದಕ್ಕೋ, ನಿಲುಗಡೆಗೋ? ಮೊಬೈಲ್ ಜಾಲಗಳ ಐಎಂಎಸ್ ವ್ಯವಸ್ಥೆಯಲ್ಲಿ ಇದಕ್ಕೆ ಅಂದವಾದ ಏರ್ಪಾಡಿದೆ. ಪ್ರತಿ ಗ್ರಾಹಕರ ದಾಖಲೆಯಲ್ಲಿ ಯಾವ ಅಪ್ಲಿಕೇಷನ್ನಿಗೆ ಯಾವ ಕ್ರಮದಲ್ಲಿ ಹೋಗಬೇಕೆಂದು ಬರೆದಿರುತ್ತದೆ, ಅದರ ಪಕ್ಕದಲ್ಲಿಯೇ ‘ಡೀಫಾಲ್ಟ್ ಹ್ಯಾಂಡ್ಲಿಂಗ್’ ಎಂಬ ಒಂದಂಕಿ: 0 ಎಂದರೆ ಅಪ್ಲಿಕೇಷನ್ ಸಿಗದಿದ್ದರೂ ಮುಂದುವರಿಸು, 1 ಎಂದರೆ ನಿಲ್ಲಿಸು. ಐಎಂಎಸ್‌ಗೆ ಬೇಕಾದ ಭಾಗಗಳು ಕಮಾಯಿಲಿಯೋದಲ್ಲಿಯೂ ಇವೆ. ನಮ್ಮದು ಐಎಂಎಸ್ ಅಲ್ಲ, ಹಾಗಾಗಿ ಆ ಅಂಕಿಯನ್ನು ನಾವೇ ಒಂದು ಕೋಷ್ಟಕದಲ್ಲಿ ಇಟ್ಟುಕೊಂಡೆವು: ಅಪ್ಲಿಕೇಷನ್ನಿನ ಹೆಸರು, ಎರಡು ಗಡುವುಗಳು, ಸೋತರೆ 0 ಅಥವಾ 1.

ಕೋಷ್ಟಕ ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ಅದನ್ನು ತುಂಬಲು ಮೂರು ವಾರ ಹಿಡಿಯಿತು. ಕಾಲರ್ ಟ್ಯೂನ್ ಮುಂದೆ 0 ಹಾಕಲು ಯಾರೂ ತಕರಾರು ಮಾಡಲಿಲ್ಲ. ಮರೆಮಾಚುವ ಅಪ್ಲಿಕೇಷನ್ ಮುಂದೆ 1, ಏಕೆಂದರೆ ಹೆಣ್ಣುಮಗಳೊಬ್ಬಳ ನಂಬರ್ ಅಪರಿಚಿತ ಚಾಲಕನಿಗೆ ಕಾಣುವುದಕ್ಕಿಂತ ಕರೆ ಹೋಗದಿರುವುದೇ ಲೇಸು. ಹಣ ನೋಡುವ ಅಪ್ಲಿಕೇಷನ್ ಮುಂದೆ? ಲೆಕ್ಕಪತ್ರದವರು 1 ಎಂದರು, “ಬಿಟ್ಟಿ ಮಾತಾಡಿಸಲು ನಾವೇನು ಧರ್ಮಛತ್ರ ಇಟ್ಟಿದ್ದೇವೆಯೇ?” ನಿರ್ವಹಣೆಯವರು 0 ಎಂದರು, ಒಂದು ರಾತ್ರಿಯ ಬಿಟ್ಟಿ ಕರೆಗಿಂತ ಕಳೆದುಹೋದ ಗ್ರಾಹಕ ದುಬಾರಿ ಎಂದು. ಕೊನೆಗೆ ಒಪ್ಪಂದವಾದದ್ದು: ದೇಶದೊಳಗಿನ ಕರೆಗೆ 0, ವಿದೇಶಿ ಕರೆಗೆ 1, ಬಿಟ್ಟಿ ಹೋದವನ್ನು ಮರುದಿನ ಕರೆ ದಾಖಲೆಯಿಂದ ವಸೂಲು ಮಾಡುವುದು. 112ಕ್ಕೆ ಹೋಗುವ ಕರೆ ಈ ಸರಪಳಿಯನ್ನು ಮುಟ್ಟುವುದೇ ಇಲ್ಲ. ಅದನ್ನು ಸ್ಕ್ರಿಪ್ಟಿನ ತಲೆಯಲ್ಲಿಯೇ ಬೇರ್ಪಡಿಸಿದ್ದೇವೆ.

ಕೋಷ್ಟಕ ಎಚ್‌ಟೇಬಲ್‌ನಲ್ಲಿರುವುದರಿಂದ ಮೌಲ್ಯ ಬದಲಿಸಿ ಮರುಓದಿಸಿದರೆ ಸಾಕು, ಸೇವೆ ನಿಲ್ಲಿಸಬೇಕಿಲ್ಲ. ಸ್ಕ್ರಿಪ್ಟನ್ನೇ ಬದಲಿಸಿದರೆ ಮಾತ್ರ ಮರುಪ್ರಾರಂಭ ಬೇಕು, ಅದು ನನ್ನ ದೊಡ್ಡ ತಕರಾರು. 5.0ರಿಂದ ಬಂದ ಕೆಮಿ ಎಂಬ ಏರ್ಪಾಡಿನಲ್ಲಿ ಲುವಾ ಅಥವಾ ಪೈಥಾನ್‌ನಲ್ಲಿ ಬರೆದರೆ ಓಡುತ್ತಿರುವಾಗಲೇ ಮರುಓದಿಸಬಹುದು. ಮೊದಲೇ ಹಾಗೆ ಬರೆಯಬೇಕಿತ್ತು. ಈಗ ಎರಡು ಸಾವಿರ ಸಾಲಿನ ಹಳೆಯ ಸ್ಕ್ರಿಪ್ಟನ್ನು ತಿರುಗಿಸಿ ಬರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಲೆಕ್ಕ ದಾಖಲಿಸುವ ಭಾಗದ ಬಗ್ಗೆಯೂ ಸಣ್ಣ ಬೇಸರವಿದೆ: ಕರೆದವರಿಗೆ ಕೊನೆಗೆ ಹೋದ ಸಂಕೇತವನ್ನು ಅದು ಬರೆದಿಡುತ್ತದೆ, ನಡುವೆ ಯಾವ ಅಪ್ಲಿಕೇಷನ್ ಏನು ಹೇಳಿತ್ತು ಎಂಬುದನ್ನಲ್ಲ. ಅದಕ್ಕೆ ಫೇಲ್ಯೂರ್ ರೂಟ್‌ನಲ್ಲಿ ನೀವೇ ಲಾಗ್ ಸಾಲು ಬರೆಯಬೇಕು. ಬರೆಯದಿದ್ದರೆ ಆ ರಾತ್ರಿ ನಮಗಾದ ಹಾಗೆಯೇ, ದೋಷವಿಲ್ಲದ ರಾತ್ರಿಗಳು ನಿಮಗೂ ಸಿಗುತ್ತವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಿಪ್ ಸಂದೇಶವನ್ನು ಬರಿಗಣ್ಣಿನಿಂದ ಓದಬಲ್ಲ ಒಬ್ಬರಾದರೂ ನಿಮ್ಮಲ್ಲಿದ್ದರೆ ತೆಗೆದುಕೊಳ್ಳಿ. ಗುಂಡಿ ಒತ್ತಿ ಮುಗಿಸುವ ಪರದೆ ಬೇಕೆಂದರೆ ಇದು ನಿಮಗಲ್ಲ.

ಈಗ 2025ರಲ್ಲಿ ಬಂದ 6.0ಕ್ಕೆ ಏರುವ ತಯಾರಿ ನಡೆದಿದೆ. ಏರುವ ಮೊದಲು ಓಡಿಸಬೇಕಾದ ಪರೀಕ್ಷೆಗಳ ಪಟ್ಟಿಯಲ್ಲಿ ಪರೀಕ್ಷೆಗಾಗಿ ಸಿಪ್ ಕರೆಗಳನ್ನು ನಟಿಸುವ ಸಿಪ್‌ಪಿ ಉಪಕರಣಕ್ಕೆ ಬರೆದ ಒಂದು ಪುಟ್ಟ ಕಡತವಿದೆ. ಅದು ಇನ್ವೈಟ್ ಬಂದ ಕೂಡಲೇ 100 ಕೊಟ್ಟು ಸುಮ್ಮನಾಗುತ್ತದೆ, ಆಪ್ಷನ್ಸ್‌ಗೆ ಮಾತ್ರ ನಗುನಗುತ್ತಾ 200 ಎನ್ನುತ್ತದೆ. ಅಂದು ರಾತ್ರಿ ಫೋನ್ ಮಾಡಿದ್ದ ಹುಡುಗ, ಈಗ ತಂಡದ ಮುಖ್ಯಸ್ಥ, ಅದಕ್ಕೆ ಇಟ್ಟಿರುವ ಹೆಸರು ‘ಬಂತು ಸಾರ್’. ಹೊಸ ಆವೃತ್ತಿಯ ಮೇಲೆ ಅದನ್ನು ಕಳೆದ ಶುಕ್ರವಾರ ಓಡಿಸಿದೆವು. ನಾಲ್ಕನೆಯ ಸೆಕೆಂಡಿಗೆ ಕರೆ ಪಕ್ಕದ ಸರ್ವರಿಗೆ ಹೋಯಿತು.